ಪದ್ದತ್ತೆಯ ಬೋಣಿ

ಹೋದ ತಿಂಗಳು ಮೈದುನ ಶ್ರೀಧರನ ಅರವತ್ತರ ಶಾಂತಿಗೆಂದು ನಾವಿಬ್ಬರೂ ಮೈಸೂರಿನಿಂದ ಚೆನ್ನೈಗೆ ಹೋಗಿದ್ದೆವು. ಬೆಳಗಿನ ಜಾವ ಬಸ್ಸಿಳಿದದ್ದು ಕೋಯಂಬೇಡಿನಲ್ಲಿ. "ಹೇಗೂ ಅಲ್ಲೇ ಇಳೀತೀರಲ್ಲ ಅಕ್ಕ, ಹೂವು ತಂದ್ಬಿಡಿ" ಎಂದು ಶ್ರೀಧರನ ಹೆಂಡತಿ ಮೊದಲೇ ಹೇಳಿದ್ದಳು. ಹೂವಿನ ಮಾರ್ಕೆಟ್ಟಿನೊಳಗೆ ಕಾಲಿಟ್ಟರೆ ಮಲ್ಲಿಗೆ, ಮರುಗ, ಕೊಳೆತ ಬಾಳೆಲೆ, ಒದ್ದೆ ಗೋಣಿ ಎಲ್ಲ ಬೆರೆತ ವಾಸನೆ. ಆಗಷ್ಟೇ ಬುಟ್ಟಿ ಬಿಚ್ಚಿದ್ದ ಹೆಂಗಸೊಬ್ಬಳು ತಕ್ಕಡಿಗೆ ಕರ್ಪೂರ ತೋರಿಸಿ, ನನ್ನ ಕಡೆ ತಿರುಗಿ ನಕ್ಕಳು. "ಬೋಣಿ ಪಣ್ಣುಂಗಮ್ಮಾ, ಉಂಗ ಕೈ ನಲ್ಲ ಕೈ" ಅಂದಳು. ಬೋಣಿ ಮಾಡಿ, ನಿಮ್ಮ ಕೈ ಒಳ್ಳೇ ಕೈ ಅಂತ. ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಬೇಡ ಹೋಗಮ್ಮ" ಎಂದು ಕನ್ನಡದಲ್ಲೇ ಗದರಿ ಮುಂದೆ ನಡೆದುಬಿಟ್ಟೆ. ಪಾಪ, ಅವಳದೇನು ತಪ್ಪು. ನನ್ನ ಗಂಡ ಪ್ರಹ್ಲಾದ್ ಹಿಂದೆ ಉಳಿದು ಅವಳ ಹತ್ತಿರವೇ ಹೂವು ಕೊಂಡು ತಂದರು. ಯಾಕೆ ಹಾಗೆ ರೇಗಿದೆ ಎಂದು ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು ಆಗ. ನಾವು ಅಡ್ಯಾರಿನಲ್ಲಿ ಒಂದು ಹಳೇ ಫ್ಲ್ಯಾಟಿನ ಮೊದಲ ಮಹಡಿಯಲ್ಲಿದ್ದೆವು. ಹಿಂದಿನ ವರ್ಷದ ಮಳೆ ಕೈಕೊಟ್ಟು ಊರಿಗೆ ಊರೇ ಬಾಯಾರಿ ಕೂತಿದ್ದ ಬೇಸಿಗೆ. ನಲ್ಲಿ ತಿರುಗಿಸಿದರೆ ಗಾಳಿ ಬರುತ್ತಿತ್ತು, ಅದೂ ಬಿಸಿ ಗಾಳಿ. ನೀರಿನ ಲಾರಿ ಯಾವ ಹೊತ್ತಿಗೆ ಬರುತ್ತದೆ ಎಂದು ದೇವರಿಗೂ ಗೊತ್ತಿರಲಿಲ್ಲ, ಲಾರಿಯವನಿಗೂ ಗೊತ್ತಿರಲಿಲ್ಲ. ಹಸಿರು, ಕೆಂಪು ಪ್ಲಾಸ್ಟಿಕ್ ಕೊಡಗಳನ್ನು ಸಾಲಿನಲ್ಲಿಟ್ಟು ಬಂದು ನಾನು ಕಿಟಕಿಯ ಪಕ್ಕ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಹಾರ್ನ್ ಕೇಳಿದರೆ ಬರೆಯುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು ಓಡಬೇಕು. ಕೊಡ ಹೊತ್ತು ವಾಪಸು ಬಂದು ಸೊಂಟ ಹಿಡಿದುಕೊಂಡು ಕೂತಾಗ, ಎಲ್ಲಿ ಬಿಟ್ಟಿದ್ದೆ ಎನ್ನುವುದೇ ಮರೆತಿರುತ್ತಿತ್ತು.

ನಾನು ಹತ್ತಿರದ ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಕಂಪ್ಯೂಟರ್ ಲ್ಯಾಬಿಗೆ ಟೀಚರ್ ಸಿಗದೆ ಅದನ್ನೂ ನನ್ನ ತಲೆಗೇ ಕಟ್ಟಿದ್ದರು. ಬೈದುಕೊಂಡೇ ಪ್ರೋಗ್ರಾಮ್ ಬರೆಯುವುದು ಕಲಿತೆ, ಕಲಿತ ಮೇಲೆ ಬಿಡಲಾಗಲಿಲ್ಲ. ಮಕ್ಕಳ ನೋಟ್‌ಬುಕ್ ತಿದ್ದೀ ತಿದ್ದೀ ಒಂದು ವಿಷಯ ಅರ್ಥವಾಗಿತ್ತು. ಲೆಕ್ಕ ತಪ್ಪಿದ ಮಗುವಿಗೆ ಉತ್ತರ ಬೇಕಾಗಿರುವುದಿಲ್ಲ. ಎಲ್ಲಿ ತಪ್ಪಿದೆ ಎನ್ನುವ ಆ ಸಾಲಿನ ಮೇಲೆ ಯಾರಾದರೂ ಬೆರಳಿಟ್ಟರೆ ಸಾಕು, ಮಿಕ್ಕಿದ್ದನ್ನು ಅದೇ ಸರಿಮಾಡಿಕೊಳ್ಳುತ್ತದೆ. ಹಾಗೆ ಬೆರಳಿಡುವ ಸಾಫ್ಟ್‌ವೇರ್ ಒಂದನ್ನು ಬರೆದೆ. ಮಗು ಒಂದು ಸಮೀಕರಣವನ್ನು ಸಾಲುಸಾಲಾಗಿ ಬಿಡಿಸುತ್ತಾ ಹೋದರೆ, ತಪ್ಪಿದ ಸಾಲು ಕೆಂಪಾಗುತ್ತದೆ. ಅಷ್ಟೇ. ಉತ್ತರ ಹೇಳುವುದಿಲ್ಲ, ಬೈಯುವುದಿಲ್ಲ. ಅದಕ್ಕೆ 'ಸಾಲು' ಎಂದೇ ಹೆಸರಿಟ್ಟೆ.

ಬರೆಯುವುದೇನೋ ಬರೆದೆ, ಮಾರುವುದು ಹೇಗೆ. ಆಗ ನಮ್ಮಂಥ ಒಂಟಿ ಜನ ಹೊರದೇಶದವರ ಕಾರ್ಡಿನಿಂದ ದುಡ್ಡು ಪಡೆಯುವುದು ಆಗುವ ಹೋಗುವ ಮಾತಲ್ಲ. ಆದರೆ ಇಂಟರ್ನೆಟ್ಟಿನಲ್ಲಿ ಒಂದು ದೊಡ್ಡ ಸಂತೆಯಂಥ ತಾಣವಿತ್ತು. ಲೋಕದ ಮೂಲೆಮೂಲೆಯಿಂದ ನನ್ನ ಹಾಗೆ ಮನೆಯಲ್ಲಿ ಕೂತು ಸಾಫ್ಟ್‌ವೇರ್ ಬರೆದವರು ಅಲ್ಲಿ ತಂದಿಡಬಹುದು. ಬೇಕಾದವರು ಮೊದಲು ಪುಕ್ಕಟೆ ಬಳಸಿ ನೋಡಬಹುದು. ಹಿಡಿಸಿದರೆ ಕಾರ್ಡಿನಿಂದ ಕೊಂಡು, ನಕ್ಷತ್ರ ಕೊಟ್ಟು, ಎರಡು ಮಾತು ಬರೆಯಬಹುದು. ತಾಣದವರು ತಮ್ಮ ಪಾಲು ಹಿಡಿದುಕೊಂಡು ಮಿಕ್ಕಿದ್ದನ್ನು ಕಳಿಸುತ್ತಾರೆ. ನನ್ನ ಜಾತಿ, ಊರು, ಮುಖ ಯಾವುದೂ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದುದೂ ಅದೇ.

ಯಾಕೆಂದರೆ ಮನೆಯವರ ಹೊಗಳಿಕೆ ನನಗೆ ಸಾಕಾಗಿ ಹೋಗಿತ್ತು. ಇವರಿಗೆ ತೋರಿಸಿದರೆ "ಪ್ರಮಾದವಾಗಿದೆ ವತ್ಸಲಾ" ಅನ್ನುತ್ತಿದ್ದರು, ತಮಿಳಿನ ಪ್ರಮಾದ, ಅಂದರೆ ಅದ್ಭುತ; ಕಣ್ಣು ಮಾತ್ರ ಪೇಪರಿನಲ್ಲಿ. ಸ್ಕೂಲಿನ ಹೆಡ್ ಮಿಸ್ ನೋಡದೆಯೇ ತಲೆಯಾಡಿಸಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಆ ಮಾತಿಗೆ ನಾನು ಬಹಳ ಹೆದರುತ್ತಿದ್ದೆ. ನಾನು ಇಷ್ಟು ವರ್ಷ ಮುದ್ದಿಸಿದ್ದು ಹೆಗ್ಗಣವೋ ಅಲ್ಲವೋ, ಅದನ್ನು ನನ್ನ ಹೆಸರೂ ಉಚ್ಚರಿಸಲು ಬಾರದ ಒಬ್ಬ ಅಪರಿಚಿತ ಹೇಳಬೇಕಿತ್ತು. ಅವನು ತನ್ನ ದುಡ್ಡು ಕೊಟ್ಟು ಕೊಂಡು, ಬಳಸಿ, ಆಮೇಲೆ ಹೇಳಬೇಕಿತ್ತು. ಅದೊಂದೇ ಆಸೆ. ದೇವರಾಣೆ, ದುಡ್ಡು ಆಮೇಲಿನದು.

ಅಂಥವಳೊಬ್ಬಳು ಸಿಕ್ಕಳು ಕೂಡ. ಪುಕ್ಕಟೆ ಆವೃತ್ತಿಯನ್ನು ತಾಣದಲ್ಲಿ ಹಾಕಿದ ಕೆಲವೇ ವಾರಕ್ಕೆ ಐರ್ಲೆಂಡಿನ ಯಾವುದೋ ಸಣ್ಣ ಊರಿನ ಬ್ರಿಜೆಟ್ ಎಂಬ ಟೀಚರ್ ತಾಣದ ಮೂಲಕ ಬರೆದಳು. ಹೊಗಳಲಿಲ್ಲ. ತಪ್ಪು ಹುಡುಕಿದಳು. ಮಗು ಸಮೀಕರಣದ ಎರಡೂ ಕಡೆಯಿಂದ ಎಕ್ಸ್ ಅನ್ನು ಹೊಡೆದುಹಾಕಿದರೆ ನಿನ್ನ ಸಾಫ್ಟ್‌ವೇರ್ ಸುಮ್ಮನಿರುತ್ತದೆ, ಎಕ್ಸ್ ಸೊನ್ನೆಯೂ ಆಗಿರಬಹುದಲ್ಲ, ಅಲ್ಲಿ ಒಂದು ಉತ್ತರವೇ ಕಳೆದುಹೋಗುತ್ತದಲ್ಲ, ನನ್ನ ಮಕ್ಕಳು ಬೀಳುವುದೇ ಆ ಹಳ್ಳಕ್ಕೆ, ಎಂದಳು. ಓದಿ ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ನನ್ನ ಕೆಲಸವನ್ನು ಒಬ್ಬರು ನಿಜವಾಗಿ ನೋಡಿದ್ದಾರೆ ಎಂದು ಅವತ್ತು ಮೊದಲ ಸಲ ಅನ್ನಿಸಿತು. ಸರಿಮಾಡುತ್ತೇನೆ ಎಂದು ಬರೆದೆ. ಅದಕ್ಕವಳು, ಸರಿಮಾಡು, ಮಾರಾಟ ಶುರುವಾದ ಮೇಲೆ ಇಡೀ ಕ್ಲಾಸಿಗೆ ಕೊಳ್ಳುತ್ತೇನೆ, ಮಕ್ಕಳ ಕೈಗೆ ಕೊಟ್ಟು ಒಂದು ತಿಂಗಳು ನೋಡಿ ಹೇಗಿದೆ ಎಂದು ಉಳಿದವರಿಗೂ ತಿಳಿಯುವ ಹಾಗೆ ಬರೆಯುತ್ತೇನೆ, ಒಳ್ಳೆಯದಿಲ್ಲದಿದ್ದರೆ ಅದನ್ನೂ ಬರೆಯುತ್ತೇನೆ, ಎಂದಳು.

ನೀರಿನ ಲಾರಿಗೆ ಕಾಯುತ್ತಾ ಆ ಹಳ್ಳ ಮುಚ್ಚಿದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಅಂತೂ ಮುಗಿಯಿತು. ಮಾರಾಟ ಯಾವ ದಿನದಿಂದ ಎಂದು ತಾಣ ಕೇಳಿದಾಗ, ಹಿಂದೆ ನಿಂತಿದ್ದ ಇವರು ಕ್ಯಾಲೆಂಡರ್ ನೋಡಿ "ಅಕ್ಷಯ ತದಿಗೆ ಬರತ್ತೆ, ಅವತ್ತೇ ಹಾಕು" ಎಂದರು. ಚೆನ್ನೈನಲ್ಲಿ ಆಗ ಅಕ್ಷಯ ತದಿಗೆಯ ಹುಚ್ಚು ಏರುತ್ತಿದ್ದ ಕಾಲ, ಚಿನ್ನದ ಅಂಗಡಿಗಳ ಮುಂದೆ ನೂಕುನುಗ್ಗಲು. ನನಗೆ ಯಾವ ದಿನವಾದರೇನು. ಹಾಕಿದೆ.

ಇಲ್ಲಿ ಪದ್ದತ್ತೆಯ ವಿಷಯ ಹೇಳಬೇಕು. ಪದ್ಮಾವತಿ, ಇವರ ಸೋದರತ್ತೆ. ಇವರ ಅಮ್ಮ ಬೇಗ ತೀರಿಹೋದಾಗ ಇವರನ್ನೂ ಶ್ರೀಧರನನ್ನೂ ಸಾಕಿ ಬೆಳೆಸಿದವರು. ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಮಾಧ್ವರ ಮನೆ; ಅವರ ಕನ್ನಡದಲ್ಲಿ ಅರ್ಧ ತಮಿಳು. ಮೈಸೂರಿನಿಂದ ಬಂದ ನನಗೆ ಮೊದಲ ವರ್ಷ ಏನೂ ತಿಳಿಯುತ್ತಿರಲಿಲ್ಲ. ಅವರ ಕೈಗುಣಕ್ಕೆ ಇಡೀ ಬಳಗದಲ್ಲಿ ಹೆಸರು. ಯಾರು ಅಂಗಡಿ ತೆರೆಯಲಿ, ಕ್ಲಿನಿಕ್ ತೆರೆಯಲಿ, ಮೊದಲ ವ್ಯಾಪಾರ ಪದ್ದತ್ತೆಯ ಕೈಯಿಂದಲೇ ಆಗಬೇಕು. ಅದು ಬೋಣಿ. "ಸುಮ್ಮಾ ಹೇಳಲ್ಲಮ್ಮಾ ನಾನು. ಗೋಪು ಸ್ಟೇಷನರಿ ಅಂಗಡಿ, ಇಂದಿರಾ ಕ್ಲಿನಿಕ್ಕು, ಎಲ್ಲಾ ಈ ಕೈಯೇ. ರಾಶಿಯಾದ ಕೈ", ಅಂದರೆ ಅದೃಷ್ಟದ ಕೈ, ಎಂದು ಬಲಗೈ ಮುಂದೆ ಚಾಚಿ ತೋರಿಸುತ್ತಿದ್ದರು. ಇಂದಿರಾಳ ಕ್ಲಿನಿಕ್ಕಿಗೆ ಬೋಣಿ ಮಾಡಲು, ಇಲ್ಲದ ಕೆಮ್ಮು ಕೆಮ್ಮಿ ಔಷಧಿ ಬರೆಸಿಕೊಂಡು ಬಂದವರು ಅವರು.

ಅಕ್ಷಯ ತದಿಗೆಯ ದಿನ ನಾನು ಮನೆಯಲ್ಲಿರಲಿಲ್ಲ. ಪ್ಲಸ್ ಟೂ ಪೇಪರ್ ತಿದ್ದುವ ಕ್ಯಾಂಪಿಗೆ ಎಗ್ಮೋರ್ ಕಡೆ ಹೋಗಿದ್ದೆ. ಫ್ಯಾನ್ ಇಲ್ಲದ ಹಾಲ್, ಕುಡಿಯುವ ನೀರು ಪ್ಯಾಕೆಟ್ಟಿನಲ್ಲಿ, ಪೇಪರಿನ ಮೇಲೆಲ್ಲ ಬೆವರ ಹನಿ. ಮನಸ್ಸು ಮಾತ್ರ ಐರ್ಲೆಂಡಿನಲ್ಲಿತ್ತು. ಅಲ್ಲಿ ಬೆಳಗಾಗಿರುತ್ತದೆ, ಬ್ರಿಜೆಟ್ ಸ್ಕೂಲಿಗೆ ಬಂದಿರುತ್ತಾಳೆ, ಕೊಂಡಿರುತ್ತಾಳೋ ಏನೋ. ಸಂಜೆ ಬಸ್ಸಿಳಿದು ಮೆಟ್ಟಿಲು ಹತ್ತುವಾಗಲೇ ತುಪ್ಪದಲ್ಲಿ ರವೆ ಹುರಿದ ಘಮ. ಬಾಗಿಲು ತೆರೆದರೆ ಮನೆ ತುಂಬ ಜನ. ಶ್ರೀಧರ, ಅವನ ಹೆಂಡತಿ, ಅವಳ ಅಪ್ಪ ಅಮ್ಮ, ಗೋಪು, ಇಂದಿರಾ. ಕಂಪ್ಯೂಟರಿಗೆ ಅರಿಶಿನ ಕುಂಕುಮ, ಮೇಲೊಂದು ಮೊಳ ಹೂವು. ಮುಂದೆ ಕುರ್ಚಿಯಲ್ಲಿ ರೇಷ್ಮೆ ಸೀರೆ ಉಟ್ಟ ಪದ್ದತ್ತೆ.

"ಬಾಮ್ಮಾ ಬಾ. ನಿನ್ ಅಂಗಡಿ ಬೋಣಿ ಆಯ್ತು" ಎಂದರು.

ನನಗೆ ಕೂಡಲೇ ಅರ್ಥವಾಗಲಿಲ್ಲ. "ಏನಾಯ್ತು ಅತ್ತೆ?" ಎಂದೆ.

"ಶ್ರೀಧರನ ಕಾರ್ಡು, ನನ್ ಕೈ. ಅವನು, ನಮ್ಮನೆಯಿಂದ್ಲೇ ಒತ್ತಬಹುದು ಅತ್ತೆ ಅಂದ. ಅದೆಂಗಪ್ಪಾ ಆಗತ್ತೆ, ಬೋಣಿ ಅಂದ್ರೆ ಅಂಗಡಿಗೇ ಬಂದು ಮಾಡ್ಬೇಕಲ್ವಾ, ಅಂಗಡಿ ಇರೋದು ವತ್ಸಲಾ ಕಂಪ್ಯೂಟರ್‌ನಲ್ಲಿ ಅಂದೆ. ಆಟೋ ಮಾಡ್ಕೊಂಡು ಬಂದ್ಬಿಟ್ಟೆ."

ಬೆಳಿಗ್ಗೆ ನಾನು ತಾಣದಲ್ಲಿ ನನ್ನ ಖಾತೆ ತೆರೆದು ಹಾಗೇ ಬಿಟ್ಟು ಹೋಗಿದ್ದೆ. ಅದೇ ಯಂತ್ರದಲ್ಲಿ ಪದ್ದತ್ತೆ ಬೋಣಿ ಮಾಡಿದರು. ಅಂಗಡಿ ಪೂಜೆಗೆ ಬಂದವರು ಬರಿಗೈಯಲ್ಲಿ ಹೋಗಬಾರದಲ್ಲ, ಹಾಗಾಗಿ ಅವರ ಹಿಂದೆ ಬಂದವರೆಲ್ಲ ತಮ್ಮ ತಮ್ಮ ಹೆಸರಿನಲ್ಲಿ ಒಂದೊಂದು ಕೊಂಡರು, ಎಲ್ಲ ಶ್ರೀಧರನ ಆ ಒಂದೇ ಕಾರ್ಡಿನಲ್ಲಿ. ಮತ್ತೆ ನಾಲ್ಕು ಒಳ್ಳೇ ಮಾತು ಹರಸಿ ಹೋಗಬೇಕಲ್ಲ, ಅದನ್ನೂ ಮಾಡಿದ್ದರು. ಎಲ್ಲರದೂ ಐದಕ್ಕೆ ಐದು ನಕ್ಷತ್ರ. ಶ್ರೀಧರನ ಮಾವನವರು ಇಂಗ್ಲಿಷಿನಲ್ಲಿ, ಇಂಥ ಸಾಫ್ಟ್‌ವೇರ್ ಜಗತ್ತಿನಲ್ಲೇ ಇಲ್ಲ ಎಂದು ಬರೆದಿದ್ದರು. ಅವರು ರಿಟೈರ್ ಆದ ರೈಲ್ವೆ ಗಾರ್ಡ್. ಪದ್ದತ್ತೆ ಹೇಳಿ ಬರೆಸಿದ್ದು, ವತ್ಸಲಾ ನಮ್ಮ ಮನೆಯ ಒಳ್ಳೇ ಸೊಸೆ, ರಾಯರು ಅವಳ ಅಂಗಡಿಯನ್ನು ಕಾಪಾಡಲಿ, ಅಂತ.

ತಾಣದ ನಿಯಮ ಆಗ ನನ್ನ ತಲೆಗೆ ಬರಲೇ ಇಲ್ಲ. ನನ್ನ ಮೊದಲ ಗಿರಾಕಿ ಯಾರಾಗಬಾರದು ಎಂದುಕೊಂಡಿದ್ದೆನೋ ಅವರೇ ಸಾಲುಗಟ್ಟಿ ನಿಂತು ಗಿರಾಕಿಗಳಾಗಿದ್ದರು. ಪದ್ದತ್ತೆ ಒಂದು ಚಮಚ ಕೇಸರಿಬಾತ್ ನನ್ನ ಬಾಯಿಗಿಟ್ಟರು. ಅಷ್ಟು ದೊಡ್ಡ ಮನಸ್ಸಿನಿಂದ ಬಂದವರ ಮುಂದೆ ಮುಖ ಸಿಂಡರಿಸುವುದು ಹೇಗೆ. ನುಂಗಿದೆ. ನಮಸ್ಕಾರವನ್ನೂ ಮಾಡಿದೆ.

ಆ ವಾರವೇ ತಾಣದವರ ಮೇಲ್ ಬಂತು. ನಿಮ್ಮ ಸರಕನ್ನು ನಿಮ್ಮದೇ ಯಂತ್ರದಿಂದ ಒಂದೇ ಕಾರ್ಡಿನಲ್ಲಿ ಬೇರೆ ಬೇರೆ ಹೆಸರಿನಿಂದ ಕೊಳ್ಳಲಾಗಿದೆ, ಮೆಚ್ಚುಗೆಗಳನ್ನೂ ಅಲ್ಲಿಂದಲೇ ಬರೆಯಲಾಗಿದೆ, ಇದು ಗ್ರಾಹಕರಿಗೆ ಮಾಡುವ ವಂಚನೆ, ಖಾತೆ ಮುಚ್ಚಿದ್ದೇವೆ. 'ಸಾಲು' ಇದ್ದ ಪುಟ ತೆರೆದರೆ, ನಿಯಮ ಮುರಿದದ್ದಕ್ಕಾಗಿ ತೆಗೆದುಹಾಕಲಾಗಿದೆ ಎನ್ನುವ ಒಂದು ಸಾಲು, ಮೇಲೆ ನನ್ನ ಹೆಸರು. ಬ್ರಿಜೆಟ್ ಜೊತೆ ಮಾತಾಡುತ್ತಿದ್ದ ಕಿಟಕಿಯೂ ಖಾತೆಯ ಜೊತೆಗೇ ಮುಚ್ಚಿಹೋಗಿತ್ತು. ಅವಳ ವಿಳಾಸ ನನ್ನ ಹತ್ತಿರ ಇರಲಿಲ್ಲ. ತಾಣದ ಹೊರಗೆ ವಿಳಾಸ ಕೇಳುವುದು ನಿಯಮಕ್ಕೆ ವಿರುದ್ಧ ಎಂದು ನಾನೇ ಕೇಳಿರಲಿಲ್ಲ. ಅಷ್ಟು ನಿಯಮದ ಹೆಂಗಸು ನಾನು.

ಉತ್ತರ ಬರೆಯಲು ಕೂತೆ. ಬೋಣಿ ಎಂದರೇನು ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿ, ಗೊತ್ತಾಗುತ್ತದೆ. ನಮ್ಮಲ್ಲಿ ಅಂಗಡಿ ತೆರೆದ ದಿನ ಕೈಗುಣ ಇರುವವರು ಮೊದಲು ಕೊಳ್ಳುತ್ತಾರೆ, ಅವರು ಮನೆಯವರೇ ಆಗಿರುತ್ತಾರೆ, ಅಂಗಡಿಗೆ ಬಂದೇ ಕೊಳ್ಳಬೇಕು, ಅದು ಹಾರೈಕೆ, ವಂಚನೆಯಲ್ಲ, ಎಂದು ಬರೆದೆ. ಓದಿಕೊಂಡಾಗ ನನಗೇ ಕಳ್ಳನ ನೆಪದಂತೆ ಕೇಳಿಸಿತು. ಆದರೂ ಕಳಿಸಿದೆ. ಕೊಂಡವರು ನಿಮ್ಮ ಕುಟುಂಬದವರೇ ಎಂದು ಒಪ್ಪಿಕೊಂಡದ್ದಕ್ಕೆ ಧನ್ಯವಾದ, ನಮ್ಮ ತೀರ್ಮಾನ ಬದಲಾಗುವುದಿಲ್ಲ, ಎಂದು ಮರುದಿನವೇ ಉತ್ತರ ಬಂತು. ಮತ್ತೆ ಬರೆದೆ. ಅದೇ ಉತ್ತರ ಒಂದಕ್ಷರ ಆಚೀಚೆಯಾಗದೆ ಬಂತು. ಇನ್ನೊಮ್ಮೆ ಬರೆದೆ, ಆಗಲೂ ಅದೇ. ಆ ಕಡೆ ಮನುಷ್ಯರಿದ್ದರೋ ಇಲ್ಲವೋ, ನನಗಿನ್ನೂ ಅನುಮಾನ. ನನ್ನ ಸಾಫ್ಟ್‌ವೇರ್ ಒಂದು ಮಗುವಿನ ಜೊತೆ ಇಷ್ಟು ಕಲ್ಲುಮನಸ್ಸಿನಿಂದ ನಡೆದುಕೊಳ್ಳುತ್ತಿರಲಿಲ್ಲ.

ಶ್ರೀಧರ ಬಂದು ಸಮಾಧಾನ ಮಾಡಿದ. "ಅತ್ತಿಗೆ, ಇದೆಲ್ಲಾ ಯಾಕೆ ತಲೆಗೆ ಹಚ್ಕೊಳ್ತೀರಿ. ನನ್ ಹೆಸರಲ್ಲಿ ಹೊಸ ಅಕೌಂಟ್ ತೆಗೀತೀನಿ. ಬೇರೆ ಹೆಸರು ಇಟ್ಟು ಹಾಕೋಣ. ಅವರಿಗೆ ಹೇಗೆ ತಿಳಿಯತ್ತೆ?"

"ಹಾಗೆ ಮಾಡಿದ್ರೆ ಅವರು ಹೇಳಿದ್ದು ನಿಜ ಆಗತ್ತಲ್ಲ ಶ್ರೀಧರ" ಎಂದೆ. "ಇಷ್ಟು ದಿನ ಸುಳ್ಳು ಅಪವಾದ. ಆಮೇಲೆ ನಾನು ನಿಜವಾದ ಮೋಸಗಾತಿ."

"ನಿಮ್ದು ರೊಂಬ ಹಟ ಅತ್ತಿಗೆ" ಎಂದು ಎದ್ದು ಹೋದ. ಕಾರ್ಡ್ ಅವನದೇ, ಆದರೆ ಅವನಿಗೆ ಯಾವ ತಾಣದವರೂ ಏನೂ ಬರೆದಿರಲಿಲ್ಲ.

ಇವರ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಅವತ್ತು ಮನೆಯಲ್ಲಿದ್ದವರು ಇವರು. ಬ್ರಿಜೆಟ್ ವಿಷಯ ಗೊತ್ತಿದ್ದವರು ಇವರೊಬ್ಬರೇ. ಒಂದು ಫೋನ್ ಮಾಡಿ ನನ್ನನ್ನು ಕೇಳಬಹುದಿತ್ತು.

"ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವೇನ್ರೀ ನಿಮಗೆ?" ಎಂದೆ.

"ಅತ್ತೆ ಅಷ್ಟು ದೂರದಿಂದ ಬಿಸಿಲಲ್ಲಿ ಬಂದಿದ್ರು ವತ್ಸಲಾ. ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ." ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಒಂದು ಮಾತು ಕೇಳ್ತೀನಿ. ಅತ್ತೆಗೆ ಮಾತ್ರ ಹೇಳ್ಬೇಡ. ತನ್ನ ಕೈಯಿಂದ ಹೀಗಾಯ್ತು ಅಂತ ಗೊತ್ತಾದ್ರೆ ಅವರು ತಡ್ಕೊಳಲ್ಲ. ನನ್ನ ಸಾಕಿದ ಕೈ ಅದು."

ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ. ತಾಯಿಯಿಲ್ಲದ ಹುಡುಗನಿಗೆ ಅನ್ನ ಕಲೆಸಿ ಹಾಕಿದ ಕೈಯನ್ನು ದೂರಲು ನನಗೂ ಮನಸ್ಸಿರಲಿಲ್ಲ. ಬಳಗದಲ್ಲಿ ಯಾರಾದರೂ ಕೇಳಿದರೆ "ಆ ತಾಣದಲ್ಲಿ ಏನೋ ತೊಂದರೆ ಆಯ್ತಂತೆ, ನಿಲ್ಲಿಸಿದ್ಲು" ಎಂದು ಇವರು ಹೇಳುತ್ತಿದ್ದರು. ಇಂದಿರಾಗೂ ಗೋಪುವಿಗೂ ಅಷ್ಟೇ ಗೊತ್ತು.

ಆ ಬೇಸಿಗೆ ಹೇಗೋ ಕಳೆಯಿತು. ಕತ್ತಿರಿ ಎಂದು ಅಲ್ಲಿನವರು ಕರೆಯುವ ಮೇ ತಿಂಗಳ ಸುಡುಬಿಸಿಲಿನಲ್ಲಿ ಕೊಡ ಹೊತ್ತೆ. ಇನ್ನೊಂದೆರಡು ಕಡೆ 'ಸಾಲು' ಹಾಕಲು ನೋಡಿದೆ. ಅವೂ ಆ ತಾಣದವರ ಅಂಗಸಂಸ್ಥೆಗಳೇ, ನನ್ನ ಹೆಸರು ಹಾಕಿದ ಕೂಡಲೇ ಬಾಗಿಲು ಮುಚ್ಚುತ್ತಿದ್ದವು. ಬ್ರಿಜೆಟ್ ಆ ಪುಟ ತೆರೆದು ನೋಡಿರುತ್ತಾಳೆ, ವಂಚಕಿ ಎಂದುಕೊಂಡಿರುತ್ತಾಳೆ, ಇವಳಿಗೋಸ್ಕರ ಕೂತು ತಪ್ಪು ಹುಡುಕಿಕೊಟ್ಟೆನಲ್ಲ ಎಂದುಕೊಂಡಿರುತ್ತಾಳೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ನಿಂತಾಗ, ಪಾಠದ ನಡುವೆ ಬೋರ್ಡಿನ ಕಡೆ ತಿರುಗಿದಾಗ ಇದೇ ಯೋಚನೆ. ವರ್ಷದ ಕೊನೆಗೆ ಮಳೆ ಬಂತು, ಚೆನ್ನಾಗಿಯೇ ಬಂತು, ಜನ ಬೀದಿಯಲ್ಲಿ ನಿಂತು ನೆನೆದರು. ಆ ಹೊತ್ತಿಗೆ ನಾನು ಕಂಪ್ಯೂಟರ್ ಮುಂದೆ ಕೂರುವುದು ಬಿಟ್ಟಿದ್ದೆ. ಎಕ್ಸ್ ಹೊಡೆದುಹಾಕುವ ಮಕ್ಕಳಿಗೆ ಮತ್ತೆ ಕೆಂಪು ಇಂಕಿನಲ್ಲೇ ಗೆರೆ ಎಳೆಯತೊಡಗಿದೆ. ಕೆಲವು ವರ್ಷದ ಮೇಲೆ ಇವರಿಗೆ ವರ್ಗವಾಗಿ ಮೈಸೂರಿಗೆ ಬಂದೆವು.

ಹೋದ ತಿಂಗಳಿನ ಶಾಂತಿಗೆ ಪದ್ದತ್ತೆಯನ್ನೂ ಕರೆತಂದಿದ್ದರು. ತೊಂಬತ್ತರ ಹತ್ತಿರ, ಕಿವಿ ಮಂದ, ನಾಲಗೆ ಮಾತ್ರ ಚುರುಕು. ಊಟ ಮುಗಿದು ಹೆಂಗಸರೆಲ್ಲ ಅವರ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದೆವು. ಇವರೂ ಅತ್ತೆಯ ಪಕ್ಕದಲ್ಲೇ ಇದ್ದರು. ಶ್ರೀಧರನ ಮಗಳು ಸಿಂಧು ಫೋನ್ ಹಿಡಿದು ಬಂದಳು. ಮನೆಯಲ್ಲೇ ಮಾಡಿದ ಪುಡಿ, ತೊಕ್ಕುಗಳನ್ನು ಆನ್‌ಲೈನಿನಲ್ಲಿ ಮಾರಲು ಹೊರಟಿದ್ದಾಳೆ.

"ಪಾಟಿ, ನೀವೇ ಬೋಣಿ ಮಾಡ್ಬೇಕು" ಎಂದು ಅಜ್ಜಿಯ ಮುಂದೆ ಹಿಡಿದಳು.

"ಕೊಡು ಇಲ್ಲಿ" ಎಂದು ಪದ್ದತ್ತೆ ನಡುಗುವ ಬೆರಳಿನಿಂದ ಒತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರಿಗೆ ಉತ್ಸಾಹ ಬಂದು ಹಳೆಯದೆಲ್ಲ ಒಂದೊಂದಾಗಿ ಎಣಿಸತೊಡಗಿದರು. ಗೋಪುಗೆ ಈಗ ಮೂರು ಅಂಗಡಿ. ಇಂದಿರಾ ಕ್ಲಿನಿಕ್ಕು ಆಸ್ಪತ್ರೆಯೇ ಆಗಿದೆ.

"ನನ್ ಕೈ ಒಂದೇ ಒಂದು ಕಡೆ ಫಲಿಸಲಿಲ್ಲ" ಎಂದರು, ನನ್ನ ಕಡೆ ಬೆರಳು ತೋರಿಸಿ. "ಪಾವಂ, ನಮ್ ವತ್ಸಲಾದು. ಏನೋ ಲೆಕ್ಕದ್ದು ಮಾಡಿದ್ಲು. ಕೈ ಏನ್ಮಾ ಮಾಡತ್ತೆ, ಸರಕು ಚೆನ್ನಾಗಿರ್ಬೇಕಲ್ವಾ."

ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ ಅದು, ಮನೆಯವರ ನಗು. ನಾನು ಇವರ ಮುಖ ನೋಡಿದೆ. ಇಷ್ಟು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೇನೆ, ಈಗ ನೀವು ಒಂದು ಮಾತು ಆಡಿ, ಅತ್ತೆಯ ಕೈಯಿಂದ ಕೆಟ್ಟಿತು ಅನ್ನಬೇಡಿ, ಸರಕು ಕೆಟ್ಟದಿರಲಿಲ್ಲ ಎಂದಷ್ಟೇ ಹೇಳಿ, ಎಂದು ಕಾದೆ. ಇವರು ಗಂಟಲು ಸರಿಮಾಡಿಕೊಂಡರು.

"ಅತ್ತೆ, ಮಧ್ಯಾಹ್ನದ ಮಾತ್ರೆ ತಗೊಂಡ್ರಾ?" ಎಂದರು.

ಸಿಂಧು ನನ್ನ ಪಕ್ಕ ಬಂದು ಕೂತಳು. ಒಳ್ಳೆಯ ಹುಡುಗಿ, ದೊಡ್ಡಮ್ಮನಿಗೆ ನೋವಾಯಿತೇನೋ ಎಂದು ಬಂದದ್ದು. "ಪೆರಿಯಮ್ಮಾ, ನೀವು ಸಾಫ್ಟ್‌ವೇರ್ ಎಲ್ಲಾ ಮಾಡಿದ್ರಾ? ನಂಗೆ ಗೊತ್ತೇ ಇರ್ಲಿಲ್ಲ. ಅದು ನಿಜವಾಗ್ಲೂ ಚೆನ್ನಾಗಿರ್ಲಿಲ್ವಾ?"

ಚೆನ್ನಾಗಿತ್ತು ಎನ್ನಲು ಬಾಯಿ ತೆರೆದೆ. ಯಾರ ಮಾತಿನ ಮೇಲೆ ಹೇಳಲಿ. ನನ್ನ ಮಾತಿನ ಮೇಲೋ, ಆ ರೈಲ್ವೆ ಗಾರ್ಡ್ ಕೊಟ್ಟ ಐದು ನಕ್ಷತ್ರದ ಮೇಲೋ.

"ಗೊತ್ತಿಲ್ಲ ಕಣೇ" ಎಂದೆ. "ಯಾರೂ ಹೇಳ್ಲೇ ಇಲ್ಲ."